ಹಳೆ ಪಲ್ಪರ್‌ಗೆ ಹೊಸ ಸ್ಟ್ಯಾಂಡ್: ಫ್ರೀಕ್ಯಾಡ್‌ನಲ್ಲಿ ಜೋಡಿಸಿ, ಕಬ್ಬಿಣದಲ್ಲಿ ಕಟ್ಟಿದ್ದು

ಕೊಡಗಿನ ಮಾದಾಪುರದ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ಒಂದು ಹಳೆ ಕೈ ಪಲ್ಪರ್ ಇದೆ. ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಡ್ರಮ್ ಪಲ್ಪರ್. ಎರಕದ ಕಬ್ಬಿಣದ ಎರಡು ಪಕ್ಕಗಳು, ನಡುವೆ ಉಬ್ಬು ಹೊಡೆದ ತಾಮ್ರದ ತಗಡು ಹೊದಿಸಿದ ಡ್ರಮ್, ಎಡಗಡೆ ಭಾರದ ಚಕ್ರ, ಚಕ್ರಕ್ಕೆ ಕೈಹಿಡಿ. ಮಾಡಿದವರ ಹೆಸರು ಎರಕದ ಮೇಲೆ ಇತ್ತಂತೆ, ಈಗ ಸವೆದು ಹೋಗಿದೆ.

2018ರ ಆಗಸ್ಟ್ ಮಳೆಯಲ್ಲಿ ಗುಡ್ಡಗಳು ಜಾರಿದ್ದು ಈ ಕಡೆಯವರಿಗೆಲ್ಲ ನೆನಪಿದೆ. ಚಿಕ್ಕಪ್ಪನ ಪಲ್ಪರ್ ಮನೆ ಉಳಿಯಿತು. ಆದರೆ ನೆಲದ ಒಂದು ಮೂಲೆ ಕುಸಿಯಿತು. ಮಷೀನಿನ ನಾಲ್ಕೂ ಕಾಲು ಕಾಂಕ್ರೀಟಿಗೆ ಬೋಲ್ಟ್ ಆಗಿದ್ದವು. ಮೂಲೆ ಕೆಳಗಿಳಿದಾಗ ಆ ಕಾಲೂ ಜೊತೆಗೆ ಇಳಿದು, ಇಡೀ ಸ್ಟ್ಯಾಂಡ್ ತಿರುಚಿಕೊಂಡಿತು. ಆಮೇಲೂ ವರ್ಷ ವರ್ಷ ಅದರಲ್ಲೇ ಪಲ್ಪಿಂಗ್ ನಡೆಯಿತು. ಫಲ ಏನೆಂದರೆ ಗನ್‌ಮೆಟಲ್ ಬುಷ್‌ಗಳು ಒಂದೇ ಪಕ್ಕಕ್ಕೆ ಸವೆದು ಮೊಟ್ಟೆಯಾಕಾರ ಆದವು. ಡ್ರಮ್ಮು ಒಂದು ಕಡೆ ಎದುರಿನ ಪ್ಲೇಟಿಗೆ ಹತ್ತಿರ, ಇನ್ನೊಂದು ಕಡೆ ದೂರ. ಎಡಗಡೆ ಬೀಜ ಕಟ್ ಆಗುತ್ತಿತ್ತು, ಬಲಗಡೆ ಹಣ್ಣು ಹಾಗೇ ಇಡಿಯಾಗಿ ದಾಟಿ ಹೋಗುತ್ತಿತ್ತು.

ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾಗುತ್ತದೆ. ಅದರೊಳಗೆ ಮೂರು ಕೆಲಸ ಆಗಬೇಕಿತ್ತು. ಚಾನೆಲ್‌ನಲ್ಲಿ ಹೊಸ ಸ್ಟ್ಯಾಂಡ್, ಬುಷ್ ಬದಲು ಪ್ಲಮ್ಮರ್ ಬ್ಲಾಕ್ (ಒಳಗೆ ಬೇರಿಂಗ್ ಇರುವ, ಬೋಲ್ಟ್ ಹಾಕಿ ಕೂರಿಸುವ ಬ್ಲಾಕ್), ಅರ್ಧ ಎಚ್‌ಪಿ ಮೋಟಾರ್. ಜೊತೆಗೆ ಡ್ರಮ್ಮಿಗೂ ಪ್ಲೇಟಿಗೂ ನಡುವಿನ ಸಂದು ಅಡ್ಜಸ್ಟ್ ಮಾಡುವ ಬೋಲ್ಟುಗಳು ನಿಜವಾಗಿಯೂ ಅಡ್ಜಸ್ಟ್ ಮಾಡಬೇಕಿತ್ತು. ಎಲ್ಲವನ್ನೂ ಮೊದಲು ಫ್ರೀಕ್ಯಾಡ್ ಅನ್ನುವ, ಕಂಪ್ಯೂಟರಿನಲ್ಲಿ ಭಾಗಗಳ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರಿನಲ್ಲಿ ಜೋಡಿಸಿದೆ. ಈ ಬರಹದ ಹೆಚ್ಚಿನ ಭಾಗ ಆ ಜೋಡಣೆಯ ಬಗ್ಗೆಯೇ, ಯಾಕೆಂದರೆ ವೆಲ್ಡಿಂಗ್ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಬಹಳ ಜನ ಇದ್ದಾರೆ.

ಫ್ರೀಕ್ಯಾಡ್ ಯಾಕೆ ಅಂದರೆ, ದುಡ್ಡು ಕೊಡಬೇಕಿಲ್ಲ, ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಮೊದಲು ಇದರಲ್ಲಿ ಬಿಡಿ ಭಾಗ ಬರೆಯುವುದು ಸುಲಭ, ಜೋಡಿಸುವುದು ತಲೆನೋವು ಆಗಿತ್ತು. ಎ2ಪ್ಲಸ್, ಅಸೆಂಬ್ಲಿ3, ಅಸೆಂಬ್ಲಿ4 ಅಂತ ಬೇರೆ ಬೇರೆಯವರು ಮಾಡಿದ ಆಡ್‌ಆನ್‌ಗಳು. ಒಂದೊಂದರದ್ದೂ ಒಂದೊಂದು ದಾರಿ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಭಾಗಗಳನ್ನು ಜೋಡಿಸುವ ಅಸೆಂಬ್ಲಿ ವರ್ಕ್‌ಬೆಂಚ್ ಒಳಗೇ ಸೇರಿತು. ಸಾಲಿಡ್‌ವರ್ಕ್ಸ್ ಬಳಸಿದವರಿಗೆ ಮೇಟ್ ಅನ್ನುವುದು ಗೊತ್ತಿರುತ್ತದೆ: ಈ ಮುಖ ಆ ಮುಖಕ್ಕೆ ಅಂಟಲಿ, ಈ ತೂತು ಆ ತೂತಿನ ನೇರಕ್ಕೆ ಬರಲಿ, ಹೀಗೆ ಒಂದೊಂದೇ ಕಟ್ಟು ಹಾಕುತ್ತಾ ಹೋಗುವುದು. ಫ್ರೀಕ್ಯಾಡ್ ಹೆಚ್ಚಾಗಿ ಜಾಯಿಂಟ್ ಲೆಕ್ಕದಲ್ಲಿ ಯೋಚಿಸುತ್ತದೆ. ಫಿಕ್ಸೆಡ್, ರೆವಲ್ಯೂಟ್, ಸಿಲಿಂಡ್ರಿಕಲ್, ಸ್ಲೈಡರ್, ಬಾಲ್, ಡಿಸ್ಟನ್ಸ್ ಇತ್ಯಾದಿ. ಮಷೀನ್ ಕೆಲಸದವರಿಗೆ ಇದೇ ಹತ್ತಿರ ಅನ್ನುವುದು ನನ್ನ ಅಭಿಪ್ರಾಯ. ಬಾಗಿಲ ಕೀಲು ಕಂಡರೆ ರೆವಲ್ಯೂಟ್, ಡ್ರಾಯರ್ ಕಂಡರೆ ಸ್ಲೈಡರ್, ಅಷ್ಟೇ ಅಲ್ವಾ.

ಮೊದಲು ಅಳತೆ

ಪಲ್ಪರನ್ನು ಪೂರ್ತಿ ಬಿಚ್ಚಿ, ಎರಕದ ಪಕ್ಕಗಳನ್ನು ಪಿಕಪ್‌ನಲ್ಲಿ ಹಾಕಿಕೊಂಡು ಕುಶಾಲನಗರಕ್ಕೆ ಹೋದೆ. ಅಲ್ಲಿ ಪರಿಚಯದ ಲೇತ್ ವರ್ಕ್‌ಶಾಪಿನಲ್ಲಿ ಸರ್ಫೇಸ್ ಪ್ಲೇಟ್, ಹೈಟ್ ಗೇಜ್ ಇದೆ. ಬೇರಿಂಗ್ ಕೂರುವ ಜಾಗದ ಎತ್ತರ ಎರಡೂ ಪಕ್ಕಗಳಲ್ಲಿ ಒಂದೇ ಇರಲಿಲ್ಲ. ಬುಷ್ ಬದಲಿಸಿದಾಗ ಯಾರೋ ಯಾವಾಗಲೋ ಅರದಿಂದ ಉಜ್ಜಿದ್ದಾರೆ. ಇದನ್ನು ಸರಿಯಾದ ಅಳತೆ ಎಷ್ಟಿರಬೇಕಿತ್ತು ಅಂತ ಊಹಿಸಿ ಬರೆಯಲಿಲ್ಲ. ಇದ್ದದ್ದು ಇದ್ದ ಹಾಗೆ ಬರೆದೆ. ಎಡಕ್ಕೆ ಒಂದು ಫೈಲ್, ಬಲಕ್ಕೆ ಇನ್ನೊಂದು. ಒಂದನ್ನೇ ಮಿರರ್ ಮಾಡಿದರೆ ಕೆಲಸ ಅರ್ಧ ಆಗುತ್ತಿತ್ತು, ಆದರೆ ಮುಂದೆ ಹೇಳುವ ಶಿಮ್ (ಸಂದು ತುಂಬುವ ತಗಡು) ಲೆಕ್ಕ ಸಿಗುತ್ತಲೇ ಇರಲಿಲ್ಲ.

ಶಾಫ್ಟ್ ಅಳೆದರೆ ಸವೆಯದ ಜಾಗದಲ್ಲಿ 25.4 ಮಿ.ಮೀ. ಅಂದರೆ ಒಂದು ಇಂಚು. ಹಳೆ ಮಷೀನುಗಳಲ್ಲಿ ಇದು ಮಾಮೂಲು. ಅಂಗಡಿಯಲ್ಲಿ ಹೋಗಿ ಯುಸಿಪಿ 205 ಬ್ಲಾಕ್ ಕೇಳಿದರೆ ಕೊಡುವುದು 25 ಮಿ.ಮೀ. ಬೋರ್‌ದು. ಒಂದು ಇಂಚಿನದು ಬೇಕೆಂದರೆ 205-16 ಅಂತ ಕೇಳಬೇಕು. ಶಾಫ್ಟಿನ ತುದಿಗಳು ಹೇಗೂ ಮೊಟ್ಟೆ ಆಗಿದ್ದವಲ್ಲ, ಲೇತಿನಲ್ಲಿ ಹಿಡಿದು 25ಕ್ಕೆ ಇಳಿಸುವುದೇ ಒಳ್ಳೆಯದು ಅಂದುಕೊಂಡೆವು. ಮುಂದೆ ಬೇರಿಂಗ್ ಹೋದರೂ ಸೋಮವಾರಪೇಟೆಯಲ್ಲೇ ಸಿಗಬೇಕು.

ಯಾವುದನ್ನು ನೆಲಕ್ಕೆ ಕಟ್ಟುವುದು

ಅಸೆಂಬ್ಲಿ ತೆರೆದು ಮೊದಲ ಭಾಗ ಒಳಗೆ ತಂದ ತಕ್ಷಣ ಫ್ರೀಕ್ಯಾಡ್ ಅದನ್ನು ಗ್ರೌಂಡ್ ಮಾಡಲೇ ಅಂತ ಕೇಳುತ್ತದೆ. ಗ್ರೌಂಡ್ ಅಂದರೆ ಆ ಭಾಗ ಅಲುಗಾಡಲ್ಲ, ಉಳಿದದ್ದೆಲ್ಲ ಅದರ ಲೆಕ್ಕದಲ್ಲಿ ಕೂರಬೇಕು. ತುಂಬಾ ಜನ ಕೈಗೆ ಮೊದಲು ಸಿಕ್ಕಿದ್ದನ್ನು ತಂದು ಹೌದು ಒತ್ತಿಬಿಡುತ್ತಾರೆ. ಡ್ರಮ್ಮು ಚೆಂದ ಇದೆ ಅಂತ ಅದನ್ನೇ ಮೊದಲು ತಂದರೆ, ಆಮೇಲೆ ಹಿಡಿ ತಿರುಗಿಸಿದಾಗ ಡ್ರಮ್ಮು ನಿಂತು ಸ್ಟ್ಯಾಂಡೇ ಸುತ್ತುತ್ತದೆ. ನೋಡಲು ತಮಾಷೆ, ಕೆಲಸಕ್ಕೆ ಬಾರದು. ನಾನು ಸ್ಟ್ಯಾಂಡನ್ನು ಗ್ರೌಂಡ್ ಮಾಡಿದೆ. ಎರಕದ ಪಕ್ಕಗಳನ್ನು ಅದಕ್ಕೆ ಫಿಕ್ಸೆಡ್ ಜಾಯಿಂಟ್‌ನಲ್ಲಿ ಸೇರಿಸಿದೆ.

ಇನ್ನೊಂದು ಅಭ್ಯಾಸ. ಜಾಯಿಂಟ್ ಹಾಕುವಾಗ ಆದಷ್ಟೂ ಭಾಗದ ಮೂಲ ಅಕ್ಷಗಳಿಗೆ ಅಥವಾ ನಾವೇ ಇಟ್ಟ ಕೋಆರ್ಡಿನೇಟ್ ಸಿಸ್ಟಮ್‌ಗೆ ಹಾಕುವುದು. ಮುಖ, ಅಂಚು ಕ್ಲಿಕ್ ಮಾಡಿದರೆ ಬೇಗ ಆಗುತ್ತದೆ ನಿಜ. ಆದರೆ ಆಮೇಲೆ ಆ ಭಾಗದಲ್ಲಿ ಒಂದು ತೂತು ಜಾಸ್ತಿ ಮಾಡಿದರೆ, ಒಂದು ಮೂಲೆ ಉರುಟು ಮಾಡಿದರೆ, ಅಂಚುಗಳ ನಂಬರ್ ಬದಲಾಗಿ ಜಾಯಿಂಟ್ ಬೇರೆಲ್ಲೋ ಹೋಗಿ ಕೂರುವ ಕಾಟ ಹಳೆ ಆವೃತ್ತಿಗಳಲ್ಲಿ ಬಹಳ ಇತ್ತು. 1.0ರಲ್ಲಿ ಇದು ತುಂಬಾ ಕಡಿಮೆ ಆಗಿದೆ. ಪೂರ್ತಿ ಹೋಗಿದೆ ಅಂತ ನಂಬಿ ನಾನಂತೂ ಕೂರಲ್ಲ. ಡ್ರಮ್ಮಿನ ಅಕ್ಷ, ಪ್ಲೇಟಿನ ಮೇಲಿನ ಪಿನ್ನಿನ ಜಾಗ, ಬೆಲ್ಟುಗಳ ನಡುಗೆರೆ, ಇವನ್ನೆಲ್ಲ ಮೊದಲೇ ಕೋಆರ್ಡಿನೇಟ್ ಸಿಸ್ಟಮ್ ಆಗಿ ಇಟ್ಟುಕೊಂಡೆ. ಅಳತೆಗಳೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ.

ಆರು ಚಲನೆಯ ಲೆಕ್ಕ

ಕಟ್ಟಿಲ್ಲದ ಯಾವುದೇ ಭಾಗಕ್ಕೆ ಆರು ಚಲನೆ ಇರುತ್ತದೆ. ಮೂರು ದಿಕ್ಕಿಗೆ ಸರಿಯುವುದು, ಮೂರು ಅಕ್ಷದ ಸುತ್ತ ತಿರುಗುವುದು. ಫಿಕ್ಸೆಡ್ ಆರನ್ನೂ ಕಿತ್ತುಕೊಳ್ಳುತ್ತದೆ. ರೆವಲ್ಯೂಟ್ ಐದು, ಸ್ಲೈಡರ್ ಐದು, ಸಿಲಿಂಡ್ರಿಕಲ್ ನಾಲ್ಕು, ಬಾಲ್ ಮೂರು. ಡಿಸ್ಟನ್ಸ್ ಜಾಯಿಂಟ್ ಮಾತ್ರ ಏನನ್ನು ಆರಿಸಿದ್ದೀರಿ ಅನ್ನುವುದರ ಮೇಲೆ. ಬಿಂದುವಿಗೂ ಸಮತಲಕ್ಕೂ ಹಾಕಿದರೆ ಒಂದು, ಸಮತಲಕ್ಕೂ ಸಮತಲಕ್ಕೂ ಹಾಕಿದರೆ ಮೂರು. ಈ ಲೆಕ್ಕ ಪೆನ್ಸಿಲ್ ಹಿಡಿದು ಕಾಗದದಲ್ಲಿ ಮಾಡಿಕೊಂಡು ಕೂತರೆ ಮೌಸ್ ಹಿಡಿಯುವ ಕೆಲಸ ಬಹಳ ಕಡಿಮೆ ಆಗುತ್ತದೆ.

ಡ್ರಮ್ಮನ್ನು ನೋಡಿ. ಎರಡು ತುದಿಯಲ್ಲಿ ಎರಡು ಬೇರಿಂಗ್. ಯಾರಿಗಾದರೂ ಮೊದಲು ಹೊಳೆಯುವುದು ಎರಡೂ ಕಡೆ ರೆವಲ್ಯೂಟ್ ಹಾಕುವುದು. ಐದು, ಐದು, ಹತ್ತು ಕಟ್ಟು. ಡ್ರಮ್ಮಿಗೆ ಇರುವುದೇ ಆರು ಚಲನೆ, ಅದರಲ್ಲಿ ಒಂದು ಸುತ್ತಲು ಬೇಕು. ಅಂದರೆ ಐದು ಕಟ್ಟು ಸುಮ್ನೆ ಜಾಸ್ತಿ. ಎರಡೂ ಪಕ್ಕ ಕರಾರುವಾಕ್ಕಾಗಿ ಒಂದೇ ಎತ್ತರ, ಒಂದೇ ನೇರ ಇದ್ದರೆ ಈ ಜಾಸ್ತಿ ಕಟ್ಟುಗಳು ಒಂದಕ್ಕೊಂದು ಹೊಂದಿಕೊಂಡು ತಣ್ಣಗಿರುತ್ತವೆ. ಒಂದು ಅಳತೆ ಅರ್ಧ ಮಿ.ಮೀ. ಬದಲಾಗಲಿ, ಆಗ ಸಾಲ್ವರ್‌ಗೆ (ಜಾಯಿಂಟುಗಳ ಲೆಕ್ಕ ಹಾಕಿ ಭಾಗಗಳನ್ನು ಕೂರಿಸುವ ಪ್ರೋಗ್ರಾಂಗೆ) ಎರಡನ್ನೂ ಒಟ್ಟಿಗೆ ಪಾಲಿಸಲು ಆಗಲ್ಲ.

ಕಬ್ಬಿಣದಲ್ಲೂ ಹೀಗೇ. ಹಳೆ ಪಲ್ಪರಿನಲ್ಲಿ ಎರಡು ಉದ್ದನೆಯ ಬುಷ್ ಶಾಫ್ಟನ್ನು ಎರಡು ಕಡೆಯಿಂದ ಬಿಗಿಯಾಗಿ ಹಿಡಿದಿದ್ದವು. ಸ್ಟ್ಯಾಂಡ್ ನೇರ ಇದ್ದಷ್ಟು ಕಾಲ ತೊಂದರೆ ಇರಲಿಲ್ಲ. ನೆಲ ಕುಸಿದ ಮೇಲೆ ಎರಡು ಬುಷ್ ಎರಡು ದಿಕ್ಕು ನೋಡಿದವು. ನಡುವೆ ಸಿಕ್ಕ ಶಾಫ್ಟು ಸವೆಯಿತು. ಕಂಪ್ಯೂಟರ್ ಆಗಲ್ಲ ಅಂತ ಹೇಳಿ ನಿಲ್ಲುತ್ತದೆ, ಮಷೀನ್ ಹೇಳದೆ ಸವೆಯುತ್ತದೆ, ಅಷ್ಟೇ ವ್ಯತ್ಯಾಸ.

ಪ್ಲಮ್ಮರ್ ಬ್ಲಾಕ್ ಇದಕ್ಕೇ ಒಳ್ಳೆಯದು. ಅದರ ಒಳಗಿನ ಬೇರಿಂಗಿನ ಹೊರಮೈ ಗೋಲಾಕಾರ. ಬ್ಲಾಕಿನೊಳಗೆ ಅದು ಸ್ವಲ್ಪ ಓರೆಯಾಗಿ ತಿರುಗಿಕೊಳ್ಳಬಲ್ಲದು. ಅಂದರೆ ನಿಜದಲ್ಲಿ ಅದು ರೆವಲ್ಯೂಟ್ ಅಲ್ಲ, ಬಾಲ್ ಜಾಯಿಂಟಿಗೆ ಹತ್ತಿರ. ಒಂದು ಕಡೆ ಬಾಲ್, ಮೂರು ಕಟ್ಟು. ಇನ್ನೊಂದು ಕಡೆ ಶಾಫ್ಟಿನ ಉದ್ದಕ್ಕೆ ಸರಿಯಲು ಬಿಟ್ಟ ಬಾಲ್, ಎರಡು ಕಟ್ಟು. ಒಟ್ಟು ಐದು. ಸುತ್ತುವುದೊಂದು ಉಳಿಯಿತು. ಜಾಸ್ತಿ ಒಂದೂ ಇಲ್ಲ.

ಆದರೆ ಅಸೆಂಬ್ಲಿಯಲ್ಲಿ ನಾನು ಇದನ್ನೂ ಹಾಗೇ ಹಾಕಲಿಲ್ಲ. ಇನ್ನೂ ಉಪಯೋಗದ ದಾರಿ ಇತ್ತು. ಎಡ ಬ್ಲಾಕನ್ನು ಎಡ ಪಕ್ಕಕ್ಕೆ ಫಿಕ್ಸೆಡ್ ಮಾಡಿ, ಶಾಫ್ಟನ್ನು ಅದಕ್ಕೆ ಒಂದೇ ಒಂದು ರೆವಲ್ಯೂಟ್‌ನಲ್ಲಿ ಸೇರಿಸಿದೆ. ಲೆಕ್ಕ ಅಲ್ಲಿಗೇ ಮುಗಿಯಿತು. ಬಲ ಬ್ಲಾಕನ್ನು ಪಕ್ಕಕ್ಕೆ ಸೇರಿಸಲೇ ಇಲ್ಲ. ಅದನ್ನು ಶಾಫ್ಟಿಗೆ ತೂಗುಹಾಕಿದೆ: ಒಂದು ಸಿಲಿಂಡ್ರಿಕಲ್, ಶಾಫ್ಟಿನ ಉದ್ದಕ್ಕೆ ಒಂದು ದೂರ, ಸುತ್ತದ ಹಾಗೆ ಒಂದು ಕೋನ. ಆಮೇಲೆ ಮೆಷರ್ ಟೂಲ್ ತೆಗೆದು ಬ್ಲಾಕಿನ ಅಡಿಗೂ ಬಲ ಪಕ್ಕದ ಕೂರುವ ಜಾಗಕ್ಕೂ ನಡುವೆ ಎಷ್ಟು ಸಂದು ಇದೆ ನೋಡಿದೆ. 1.6 ಮಿ.ಮೀ. ಅಷ್ಟು ದಪ್ಪದ ಪ್ಯಾಕಿಂಗ್ ಕೊಡಬೇಕು ಅಂತಾಯಿತು. 16 ಗೇಜ್ ತಗಡು ಹೆಚ್ಚು ಕಡಿಮೆ ಅಷ್ಟೇ ದಪ್ಪ. ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿದ್ದ ತುಂಡನ್ನೇ ಕತ್ತರಿಸಿದೆವು.

ಬಲ ಬ್ಲಾಕಿನ ಅಡಿಯನ್ನು ಪಕ್ಕಕ್ಕೆ ಅಂಟಿಸಿಬಿಟ್ಟಿದ್ದರೆ ಈ 1.6 ಕಾಣುತ್ತಲೇ ಇರಲಿಲ್ಲ. ಅಥವಾ ಸಾಲ್ವರ್ ಕೆಂಪು ತೋರಿಸುತ್ತಿತ್ತು, ನಾನು ಅಳತೆ ತಿದ್ದಿ ಅದನ್ನು ಸಮಾಧಾನ ಮಾಡುತ್ತಿದ್ದೆ. ಯೂಟ್ಯೂಬ್ ಪಾಠಗಳಲ್ಲಿ ಎಲ್ಲ ಭಾಗವನ್ನೂ ಪೂರ್ತಿ ಕಟ್ಟಿ ಮುಗಿಸಿ ಅಂತ ಹೇಳುತ್ತಾರೆ. ಹೊಸದಾಗಿ ಮಾಡುವ ಮಷೀನಿಗೆ ಅದು ಸರಿ. ಹಳೆ ಮಷೀನಿನ ರಿಪೇರಿಗೆ ನನ್ನ ಮಾತು ಬೇರೆ. ಯಾವ ಜಾಗದಲ್ಲಿ ತಪ್ಪು ಎಷ್ಟಿದೆ ಅಂತ ತಿಳಿಯಬೇಕೋ, ಆ ಜಾಗವನ್ನು ಬಿಟ್ಟು ಉಳಿದದ್ದನ್ನು ಕಟ್ಟಿ.

ಬೋಲ್ಟು, ತೂತು

ಬ್ಲಾಕಿನ ಎರಡು ಬೋಲ್ಟ್ ತೂತುಗಳ ನಡುವೆ 105 ಮಿ.ಮೀ. ಇದೆ, ಅಡಿಯಿಂದ ಅಕ್ಷಕ್ಕೆ 36.5. ಮೇಟ್ ಪದ್ಧತಿಯಲ್ಲಿ ಅಭ್ಯಾಸ ಆದವರು ಎರಡೂ ತೂತನ್ನು ನೇರ ಮಾಡುತ್ತಾರೆ. ನಾನು ಡ್ರಿಲ್ ಹಾಕಿಸಿದ ಪ್ಲೇಟಿನಲ್ಲಿ 105ರ ಬದಲು 104.6 ಬಂದರೆ ಎರಡನೆಯ ತೂತು ನೇರ ಆಗಲು ಸಾಧ್ಯವೇ ಇಲ್ಲ. ಫ್ರೀಕ್ಯಾಡ್‌ನಲ್ಲಿ ಒಂದು ತೂತಿನ ಅಂಚನ್ನು ಇನ್ನೊಂದು ತೂತಿನ ಅಂಚಿಗೆ ಫಿಕ್ಸೆಡ್ ಮಾಡಿದರೆ ಜಾಗ, ದಿಕ್ಕು ಎರಡೂ ಸಿಗುತ್ತದೆ. ಎರಡನೆಯ ತೂತಿಗೆ ಏನೂ ಹಾಕಬಾರದು. ಕಣ್ಣಲ್ಲಿ ನೋಡಿ, ಅಳೆದು, ಬೋಲ್ಟ್ ಹೋಗುತ್ತಾ ಅಂತ ತಿಳಿದುಕೊಂಡರೆ ಸಾಕು.

ಹೊಸ ಪ್ಲೇಟುಗಳಲ್ಲಿ ಒಂದು ತೂತು ದುಂಡಗೆ 11 ಮಿ.ಮೀ., ಇನ್ನೊಂದು ಉದ್ದನೆಯ ಸ್ಲಾಟ್ ಅಂತ ಡ್ರಾಯಿಂಗ್ ಕೊಟ್ಟೆ. ಎಂ10 ಬೋಲ್ಟಿಗೆ 11ರ ತೂತು ಮಾಮೂಲು ಸಡಿಲ. ವರ್ಕ್‌ಶಾಪಿನ ಅಣ್ಣ ಡ್ರಾಯಿಂಗ್ ನೋಡಿ ಹುಬ್ಬು ಏರಿಸಿದರು.

“ಇದೇನು ಮಾರಾಯ, ಒಂದು ದುಂಡಗೆ, ಒಂದು ಉದ್ದ? ಡ್ರಾಯಿಂಗ್ ತಪ್ಪಿದೆಯಾ?”

“ಇಲ್ಲ ಅಣ್ಣಾ, ಬೇಕೂಂತಲೇ ಕೊಟ್ಟಿದ್ದು. ಒಂದು ತೂತು ಜಾಗ ಹಿಡೀಲಿ, ಇನ್ನೊಂದು ಸುತ್ತದ ಹಾಗೆ ನೋಡ್ಕೊಳ್ಳಲಿ.”

“ಹಾಗೆ ಹೇಳು. ಬೋಲ್ಟ್ ಹೋಗದಿದ್ರೆ ನಾವು ಗ್ರೈಂಡರ್ ಹಿಡಿದು ಮಾಡೋದೂ ಇದೇ.”

ಬೋಲ್ಟುಗಳ ವಿಷಯ ಇಷ್ಟೇ. ಎಲ್ಲಾ ಬೋಲ್ಟು, ನಟ್ಟು, ವಾಷರ್ ತಂದು ಅಸೆಂಬ್ಲಿಯಲ್ಲಿ ಸುರಿಯಬೇಡಿ. ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಸ್ಪ್ಯಾನರ್ ತಿರುಗಿಸಲು ಜಾಗ ಇದೆಯಾ ಅನ್ನುವ ಅನುಮಾನ ಇರುವ ಕಡೆ ಮಾತ್ರ ಬೋಲ್ಟ್ ಇಟ್ಟೆ.

ಪ್ಲೇಟು: ಇಡೀ ಕೆಲಸದ ಗಂಟು

ಡ್ರಮ್ಮಿನ ಎದುರು ಕೂರುವ ಪ್ಲೇಟಿಗೂ ಡ್ರಮ್ಮಿಗೂ ನಡುವಿನ ಸಂದಿನಲ್ಲಿ ಹಣ್ಣು ಹೋಗುತ್ತದೆ. ಡ್ರಮ್ಮಿನ ಉಬ್ಬುಗಳು ಸಿಪ್ಪೆಯನ್ನು ಎಳೆದುಕೊಂಡು ಹೋಗುತ್ತವೆ, ಒತ್ತಡಕ್ಕೆ ಬೀಜ ಜಾರಿ ಹೊರಗೆ ಬರುತ್ತದೆ. ಸಂದು ಮೇಲೆ ಅಗಲ, ಕೆಳಗೆ ಹೋಗುತ್ತಾ ಕಿರಿದು. ಬಿಗಿ ಜಾಸ್ತಿ ಆದರೆ ಬೀಜ ಗಾಯ ಆಗುತ್ತದೆ, ಹಾಗೆ ಕಟ್ ಆದ ಬೀಜ ಪಾರ್ಚ್‌ಮೆಂಟಿನ (ಸಿಪ್ಪೆ ಬಿಡಿಸಿ ಒಣಗಿಸಿದ ಬೀಜದ) ಬೆಲೆ ಇಳಿಸುತ್ತದೆ. ಸಡಿಲ ಆದರೆ ಹಣ್ಣು ಹಣ್ಣಾಗಿಯೇ ಹೋಗುತ್ತದೆ. ಪಲ್ಪರಿನ ಗುಣ ಎಲ್ಲ ಇರುವುದು ಈ ಕೆಲವು ಮಿ.ಮೀ.ನಲ್ಲಿ.

ಹಳೆ ಏರ್ಪಾಡು ಹೀಗಿತ್ತು. ಪ್ಲೇಟಿನ ಮೇಲಂಚಿನಲ್ಲಿ ಉದ್ದಕ್ಕೂ ಒಂದು ಸರಳು, ಅದರಿಂದ ಪ್ಲೇಟು ತೂಗುತ್ತದೆ. ಕೆಳಗೆ ಎಡಕ್ಕೊಂದು ಬಲಕ್ಕೊಂದು ಬೋಲ್ಟ್, ಹಿಂದಿನಿಂದ ಪ್ಲೇಟನ್ನು ಡ್ರಮ್ಮಿನ ಕಡೆ ತಳ್ಳಲು. ಕಾಣಲು ಸರಿಯಾಗಿಯೇ ಇದೆ. ಈಗ ಲೆಕ್ಕ ಹಾಕಿ. ಸರಳು ಅಂದರೆ ರೆವಲ್ಯೂಟ್, ಐದು ಕಟ್ಟು ಅಲ್ಲೇ ಹೋಯಿತು. ಉಳಿದದ್ದು ಒಂದೇ ಚಲನೆ, ಬಾಗಿಲಿನ ಹಾಗೆ ತೂಗುವುದು. ಅದನ್ನು ಒಂದು ಬೋಲ್ಟ್ ಹಿಡಿಯುತ್ತದೆ. ಎರಡನೆಯ ಬೋಲ್ಟಿಗೆ ಕೆಲಸವೇ ಇಲ್ಲ. ಒಂದೋ ಅದು ಪ್ಲೇಟಿಗೆ ತಾಗದೆ ಸುಮ್ನೆ ನಿಂತಿರುತ್ತದೆ, ಇಲ್ಲವೋ ಬಲವಂತವಾಗಿ ತಿರುಗಿಸಿದರೆ ಪ್ಲೇಟನ್ನೇ ತಿರುಚುತ್ತದೆ. ಚಿಕ್ಕಪ್ಪ ವರ್ಷಗಟ್ಟಲೆ ಹೇಳುತ್ತಿದ್ದ ದೂರು, “ಬಲಗಡೆ ಬೋಲ್ಟ್ ಎಷ್ಟು ತಿರುಗಿಸಿದ್ರೂ ಏನೂ ಆಗಲ್ಲ ಕಣೋ”, ಅದರ ಕಾರಣ ಇದು. ಬಹುಶಃ ಮಷೀನ್ ಹೊಸದಾಗಿದ್ದಾಗ ಸರಳು ತೂತಿನಲ್ಲಿ ಸಡಿಲವಾಗಿ ಇದ್ದಿರಬೇಕು. ತುಕ್ಕು ಹಿಡಿದು ಬಿಗಿಯಾದ ಮೇಲೆ ಆ ಸಡಿಲ ಹೋಯಿತು.

ಅಸೆಂಬ್ಲಿಯಲ್ಲಿ ಇದನ್ನು ಹಾಗೇ ಇಟ್ಟು ನೋಡಿದೆ. ಎಡ ಬೋಲ್ಟಿನ ದೂರ 5 ಅಂತ ಕೊಟ್ಟರೆ ಕೂರುತ್ತದೆ. ಬಲಕ್ಕೂ 5 ಕೊಟ್ಟರೆ ಹೊಂದಾಣಿಕೆ ಇರುವುದರಿಂದ ಗಲಾಟೆ ಇಲ್ಲ. ಬಲಕ್ಕೆ 6 ಕೊಟ್ಟ ತಕ್ಷಣ ಸಾಲ್ವ್ ಆಗಲ್ಲ. ಚಿಕ್ಕಪ್ಪನ ದೂರು ಪರದೆಯ ಮೇಲೆ ಬಂದ ಹಾಗಾಯಿತು.

ಬೇಕಾಗಿದ್ದು ಏನು? ಎಡ ಸಂದು, ಬಲ ಸಂದು, ಎರಡೂ ಬೇರೆ ಬೇರೆಯಾಗಿ ಬದಲಾಗಬೇಕು. ಅಂದರೆ ಬೋಲ್ಟುಗಳಿಗೆ ಎರಡು ಚಲನೆ ಬಿಟ್ಟುಕೊಡಬೇಕು. ಉಳಿದ ನಾಲ್ಕನ್ನು ಮಾತ್ರ ಮೇಲಂಚು ಹಿಡಿಯಬೇಕು. ಇದನ್ನು ಹೀಗೆ ಹಂಚಿದೆ. ಮೇಲೆ ಎಡ ಮೂಲೆಯಲ್ಲಿ ಬಾಲ್, ಮೂರು ಕಟ್ಟು. ಮೇಲೆ ಬಲ ಮೂಲೆಯಲ್ಲಿ ಪಿನ್ನು ಒಂದು ಅಡ್ಡ ಸ್ಲಾಟಿನ ಮೇಲೆ ಕೂರುತ್ತದೆ, ಎತ್ತರ ಮಾತ್ರ ಹಿಡಿಯುತ್ತದೆ, ಹಿಂದೆ ಮುಂದೆ ಸರಿಯಲು ಬಿಡುತ್ತದೆ. ಒಂದು ಕಟ್ಟು. ಕೆಳಗೆ ಎಡ ಬೋಲ್ಟ್ ಒಂದು, ಬಲ ಬೋಲ್ಟ್ ಒಂದು. ಮೂರು, ಒಂದು, ಒಂದು, ಒಂದು, ಒಟ್ಟು ಆರು.

ಬೋಲ್ಟಿನ ತುದಿಯನ್ನು ಉರುಟಾಗಿ ಬರೆದು, ಆ ತುದಿಯ ಬಿಂದುವಿಗೂ ಪ್ಲೇಟಿನ ಬೆನ್ನಿಗೂ ಡಿಸ್ಟನ್ಸ್ ಜಾಯಿಂಟ್ ಸೊನ್ನೆ ಅಂತ ಹಾಕಿದೆ. ಇಲ್ಲಿ ಬೋಲ್ಟಿನ ಚಪ್ಪಟೆ ತುದಿಯ ಮುಖವನ್ನು ಆರಿಸಿದರೆ ಕೆಲಸ ಕೆಟ್ಟಿತು. ಮುಖಕ್ಕೆ ಮುಖ ಅಂದರೆ ಮೂರು ಕಟ್ಟು, ಪ್ಲೇಟು ಓರೆ ಆಗಲು ಬಿಡಲ್ಲ. ನಿಜ ಬೋಲ್ಟಿನ ತುದಿಯನ್ನೂ ಲೇತಿನಲ್ಲಿ ಉರುಟು ಮಾಡಿಸಿದೆವು, ಅದೇ ಕಾರಣಕ್ಕೆ.

ಈಗ ಎಡ ಬೋಲ್ಟನ್ನು ಸ್ಪ್ರೆಡ್‌ಶೀಟಿನಲ್ಲಿ ಮುಂದೆ ತಳ್ಳಿದರೆ ಎಡ ಕೆಳಸಂದು ಮಾತ್ರ ಕಿರಿದಾಗುತ್ತದೆ. ಬಲ ಕೆಳತುದಿ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಬಲ ಬೋಲ್ಟ್ ಅದನ್ನು ಹಿಡಿದಿದೆ. ಮೇಲಿನ ಬಲ ಮೂಲೆ ಸ್ಲಾಟಿನಲ್ಲಿ ಸ್ವಲ್ಪ ಹಿಂದೆ ಜಾರುತ್ತದೆ. ಕೆಳಸಂದು 3ರಿಂದ 8 ಮಿ.ಮೀ.ವರೆಗೆ ಎರಡೂ ಕಡೆ ಬೇರೆ ಬೇರೆ ಕೊಟ್ಟು ನೋಡಿ, ಸ್ಲಾಟ್ ಎಷ್ಟು ಉದ್ದ ಬೇಕು ಅಂತ ಅಲ್ಲಿಂದ ತೆಗೆದುಕೊಂಡೆ.

ಕಬ್ಬಿಣದಲ್ಲಿ ಬಾಲ್ ಜಾಯಿಂಟ್‌ಗೆ ರಾಡ್ ಎಂಡ್ ಬೇರಿಂಗ್ ಹಾಕಬಹುದಿತ್ತು. ನೀರು, ಹಣ್ಣಿನ ಲೋಳೆ ಸದಾ ಬೀಳುವ ಜಾಗ ಅದು. ಒಂದು ಸೀಸನ್‌ಗೆ ತುಕ್ಕು ಹಿಡಿಯುತ್ತದೆ ಅನ್ನಿಸಿತು. ಅದರ ಬದಲು 10 ಮಿ.ಮೀ. ಪಿನ್ನು, ಪ್ಲೇಟಿನ ಕಿವಿಯ ತೂತಿಗೆ ಎರಡೂ ಬಾಯಿಯಲ್ಲಿ ದೊಡ್ಡ ಕೌಂಟರ್‌ಸಿಂಕ್. ತೂತಿನ ನಡುವೆ ಮಾತ್ರ ಕಿರಿದಾದ ಒಂದು ಅಂಚು ಪಿನ್ನನ್ನು ಹಿಡಿಯುತ್ತದೆ. ಎರಡು ಮೂರು ಡಿಗ್ರಿ ಎಲ್ಲ ಕಡೆಗೂ ಅಲುಗಾಡುತ್ತದೆ. ನಮಗೆ ಬೇಕಾದ ಓರೆ ಒಂದು ಡಿಗ್ರಿಯ ಆಸುಪಾಸು, ಸಾಕಾಯಿತು. ಪ್ಲೇಟು ಬೋಲ್ಟಿಗೆ ಒತ್ತಿಕೊಂಡೇ ಇರಲು ಎರಡು ಸ್ಪ್ರಿಂಗ್. ಹಣ್ಣು ಹೋಗುವಾಗ ಅದರ ಒತ್ತಡವೇ ಪ್ಲೇಟನ್ನು ಬೋಲ್ಟಿಗೆ ಒತ್ತುತ್ತದೆ, ಸ್ಪ್ರಿಂಗ್ ಬೇಕಾಗುವುದು ಖಾಲಿ ಓಡುವಾಗ.

ಮೋಟಾರ್, ಬೆಲ್ಟ್

ನಿಮಿಷಕ್ಕೆ 1440 ಸುತ್ತಿನ ಮೋಟಾರಿನಿಂದ ಡ್ರಮ್ಮಿಗೆ ಸುಮಾರು 120 ಸುತ್ತು ಬೇಕಿತ್ತು. ಒಂದೇ ಹಂತದಲ್ಲಿ ಇಳಿಸಲು ಹೋದರೆ ಪುಲ್ಲಿ ಮಷೀನಿಗಿಂತ ದೊಡ್ಡದಾಗುತ್ತದೆ. ನಡುವೆ ಒಂದು ಶಾಫ್ಟ್ ಹಾಕಿದೆ. ಮೋಟಾರಿಗೆ 3 ಇಂಚು, ನಡು ಶಾಫ್ಟಿಗೆ 12 ಇಂಚು, ಅದರ ಇನ್ನೊಂದು ತುದಿಗೆ 3 ಇಂಚು, ಡ್ರಮ್ಮಿಗೆ 9 ಇಂಚು. ನಾಲ್ಕರಲ್ಲಿ ಒಂದು, ಮೂರರಲ್ಲಿ ಒಂದು, ಅಲ್ಲಿಗೆ ಹನ್ನೆರಡರಲ್ಲಿ ಒಂದು.

ಫ್ರೀಕ್ಯಾಡ್‌ನ ಬೆಲ್ಟ್ ಜಾಯಿಂಟ್ ಹಾಕಲು ಎರಡೂ ಪುಲ್ಲಿಗೆ ಮೊದಲೇ ರೆವಲ್ಯೂಟ್ ಇರಬೇಕು, ಆಮೇಲೆ ಎರಡು ರೇಡಿಯಸ್ ಕೊಡಬೇಕು. ವ್ಯಾಸ ಅಲ್ಲ, ರೇಡಿಯಸ್. ಗೇರ್ ಜಾಯಿಂಟ್ ಎದುರು ದಿಕ್ಕಿಗೆ ತಿರುಗಿಸುತ್ತದೆ, ಬೆಲ್ಟ್ ಅದೇ ದಿಕ್ಕಿಗೆ. ಬೆಲ್ಟ್ ಜಾರುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ನಾನು ಚೈನ್ ಬಿಟ್ಟು ವಿ-ಬೆಲ್ಟ್ ಆರಿಸಿದ್ದೇ ಜಾರಲಿ ಅಂತ. ಹಣ್ಣಿನ ಜೊತೆ ಒಂದು ಕಲ್ಲು ಹೋದರೆ ಬೆಲ್ಟ್ ಕಿರುಚಿ ಜಾರಬೇಕು, ತಾಮ್ರದ ತಗಡು ಹರಿಯಬಾರದು.

ಮೂರು ಶಾಫ್ಟ್, ಮೂರು ಚಲನೆ, ಎರಡು ಬೆಲ್ಟ್ ಎರಡನ್ನು ಕಿತ್ತುಕೊಂಡವು. ಇಡೀ ಮಷೀನಿಗೆ ಉಳಿದದ್ದು ಒಂದು ಚಲನೆ. ಮೌಸಿನಲ್ಲಿ ಕೈಹಿಡಿ ಎಳೆದರೆ ಡ್ರಮ್ಮೂ ಮೋಟಾರೂ ಒಟ್ಟಿಗೆ ತಿರುಗಬೇಕು. ತಿರುಗಿತು. ತಿರುಗುತ್ತಾ ಕೆಳಗೆ ಬಂದಾಗ ಕೈಹಿಡಿ ಸ್ಟ್ಯಾಂಡಿನ ಎಡ ಕಾಲಿನ ಮೂಲಕ ಹಾದುಹೋಯಿತು. ಸ್ಟ್ಯಾಂಡ್ ಗಟ್ಟಿ ನಿಲ್ಲಲಿ ಅಂತ ಕಾಲುಗಳನ್ನು ಹೊರಗೆ ಚಾಚಿದ್ದೆ. ಬರೀ ಡ್ರಾಯಿಂಗಿನಲ್ಲಿ ಹಿಡಿ ಮೇಲೆಯೇ ನಿಂತಿರುತ್ತದೆ, ಇದು ಕಾಣುತ್ತಿರಲಿಲ್ಲ. ಎಡ ಕಾಲುಗಳನ್ನು ನೇರ ಮಾಡಿ, ಬಲ ಕಾಲುಗಳನ್ನು ಇನ್ನಷ್ಟು ಚಾಚಿದೆ. ಕೈಹಿಡಿಯನ್ನು ಬಿಚ್ಚಿ ತೆಗೆಯುವ ಹಾಗೂ ಮಾಡಿದೆ. ಕರೆಂಟು ಹೋದಾಗ ಕೈಯಲ್ಲಿ ತಿರುಗಿಸಲು ಅದು ಬೇಕು. ಮೋಟಾರ್ ಓಡುವಾಗ ಅದು ಚಕ್ರದ ಮೇಲೆ ಇದ್ದರೆ ಯಾರದಾದರೂ ಮೊಣಕಾಲು ಮುರಿಯುತ್ತದೆ.

ಕಟ್ಟಿದ್ದು

ಸ್ಟ್ಯಾಂಡಿನ ಚಾನೆಲ್ ಕತ್ತರಿಸಿ ವೆಲ್ಡ್ ಮಾಡುವುದು ಕುಶಾಲನಗರದಲ್ಲೇ ಆಯಿತು. ಕಿವಿ, ಸ್ಲಾಟ್ ಇರುವ ಪ್ಲೇಟುಗಳನ್ನು ಮೈಸೂರಿನಲ್ಲಿ ಲೇಸರ್ ಕಟಿಂಗ್ ಮಾಡಿಸಿದೆ. ವೆಲ್ಡ್ ಮಾಡಿದ ಮೇಲೆ ಸ್ಟ್ಯಾಂಡ್ ಸ್ವಲ್ಪ ಎಳೆದುಕೊಂಡಿತು, ಎಳೆದುಕೊಳ್ಳದ ವೆಲ್ಡಿಂಗ್ ಉಂಟೇ. ಬ್ಲಾಕಿನ ತೂತುಗಳು ಉದ್ದ ಇದ್ದಿದ್ದರಿಂದ ತೊಂದರೆ ಆಗಲಿಲ್ಲ. ಶಿಮ್ ಹಾಕಿ, ಬ್ಲಾಕ್ ಬೋಲ್ಟುಗಳನ್ನು ಅರ್ಧ ಬಿಗಿ ಮಾಡಿ, ಡ್ರಮ್ಮನ್ನು ಕೈಯಲ್ಲಿ ಸುತ್ತಿಸುತ್ತಾ ಅದು ಹಗುರಾಗಿ ಸುತ್ತುವ ಜಾಗ ಹುಡುಕಿ ಪೂರ್ತಿ ಬಿಗಿ ಮಾಡಿದೆವು. ಎಡ ಬೇರಿಂಗಿನ ಗ್ರಬ್ ಸ್ಕ್ರೂಗಳನ್ನು ಮೊದಲು ಬಿಗಿ ಮಾಡಿ, ಬಲಗಡೆಯದನ್ನು ಎಲ್ಲ ಕೂತ ಮೇಲೆ ಕೊನೆಗೆ.

ಪಲ್ಪರ್ ಮನೆಯ ನೆಲ ಈಗಲೂ ಮಟ್ಟ ಇಲ್ಲ. ನಾಲ್ಕು ಕಾಲಿನ ಸ್ಟ್ಯಾಂಡ್ ಅಂತಹ ನೆಲದಲ್ಲಿ ಮೂರು ಕಾಲಿನ ಮೇಲೆ ನಿಲ್ಲುತ್ತದೆ, ನಾಲ್ಕನೆಯದು ಗಾಳಿಯಲ್ಲಿ. ಆ ನಾಲ್ಕನೆಯದನ್ನು ಬೋಲ್ಟ್ ಹಾಕಿ ನೆಲಕ್ಕೆ ಎಳೆದರೆ ಮತ್ತೆ ಹಳೆ ಕಥೆಯೇ. ಮೊದಲು ಮೂರು ಕಾಲು ಬಿಗಿ ಮಾಡಿ, ನಾಲ್ಕನೆಯದರ ಕೆಳಗೆ ಎಷ್ಟು ಸಂದು ಇದೆಯೋ ಅಷ್ಟೇ ಪ್ಯಾಕಿಂಗ್ ತುಂಬಿ, ಆಮೇಲೆ ಬೋಲ್ಟ್ ಹಾಕಿದೆವು. ಬಿಗಿ ಮಾಡುವಾಗ ಡ್ರಮ್ಮು ಭಾರ ಆಗುತ್ತಾ ಅಂತ ಚಿಕ್ಕಪ್ಪ ಕೈಯಲ್ಲಿ ಸುತ್ತಿಸಿ ನೋಡುತ್ತಲೇ ಇದ್ದರು.

ಮೊದಲ ಕುಯ್ಲಿನ ಹಣ್ಣು ಬಂದಾಗ ಎರಡೂ ಕಡೆ 5 ಮಿ.ಮೀ. ಇಟ್ಟು ಶುರು ಮಾಡಿದೆವು. ಸಿಪ್ಪೆ ಬಿಡದ ಹಣ್ಣು ಬಲಗಡೆ ಬಂತು. ಎಂ10 ಬೋಲ್ಟಿನ ಎಳೆ 1.5 ಮಿ.ಮೀ., ಅಂದರೆ ಕಾಲು ಸುತ್ತಿಗೆ 0.4ಕ್ಕೆ ಹತ್ತಿರ. ಬಲ ಬೋಲ್ಟ್ ಕಾಲು ಸುತ್ತು ಒಳಗೆ, ನೋಡಿ, ಇನ್ನೊಂದು ಕಾಲು. ಎಡಗಡೆ ಬೀಳುತ್ತಿದ್ದ ಬೀಜದಲ್ಲಿ ಏನೂ ಬದಲಾಗಲಿಲ್ಲ. ಚಿಕ್ಕಪ್ಪ ಮತ್ತೊಮ್ಮೆ ತಾವೇ ಸ್ಪ್ಯಾನರ್ ತೆಗೆದುಕೊಂಡು ಬಲ ಬೋಲ್ಟನ್ನು ಹಿಂದೆ ಮುಂದೆ ಮಾಡಿ ನೋಡಿದರು. “ಈಗ ಮಾತು ಕೇಳ್ತದೆ” ಅಂದರು.

ಬೆಲ್ಟುಗಳಿಗೆ ಜಾಲರಿ ಮುಚ್ಚಳ ಇನ್ನೂ ಹಾಕಿಲ್ಲ, ಅದು ಮೊದಲ ಕೆಲಸ. ಅಲ್ಲಿಯವರೆಗೆ ಮೋಟಾರ್ ಕಡೆ ಮಕ್ಕಳನ್ನು ಬಿಡುತ್ತಿಲ್ಲ. ಇನ್ನೊಂದು ಬೇಡಿಕೆಯೂ ಬಂದಿದೆ. ಸ್ವಲ್ಪ ರೋಬಸ್ಟಾವನ್ನೂ ಪಲ್ಪ್ ಮಾಡಿ ನೋಡೋಣ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ಅದಕ್ಕೆ ಮೇಲಿನ ಸಂದೂ ಬದಲಾಗಬೇಕು, ಈಗ ಎಡ ಮೇಲಿನ ಪಿನ್ನು ಒಂದೇ ಜಾಗಕ್ಕೆ ವೆಲ್ಡ್ ಆಗಿದೆ. ಆ ಪಿನ್ನಿನ ಕಟ್ಟೆಯನ್ನು ಒಂದು ಸ್ಲೈಡರ್ ಮೇಲೆ ಕೂರಿಸಿ, ಸೊನ್ನೆಯಿಂದ 4 ಮಿ.ಮೀ. ಅಂತ ಮಿತಿ ಕೊಟ್ಟು ಅಸೆಂಬ್ಲಿಯಲ್ಲಿ ಹಾಕಿದ್ದೇನೆ. ಕಟ್ಟು ಆರೇ ಉಳಿದಿದೆ, ಪ್ಲೇಟು ಹಣ್ಣು ಸುರಿಯುವ ಹಾಪರಿನ ಅಂಚಿಗೆ ಮಾತ್ರ ತಾಗುತ್ತಿದೆ. ಹಾಪರ್ ಅಂಚನ್ನು ಎಷ್ಟು ಕತ್ತರಿಸಬೇಕು ಅಂತ ಈಗ ನೋಡುತ್ತಿದ್ದೇನೆ.